ಅಪ್ಪನ ವಿಡಿಯೊ ಲೈಬ್ರರಿಯ ಕ್ಯಾಸೆಟ್‌ಗಳು: ಬೂಷ್ಟು, ಕಾಣೆಯಾದ ನಿಮಿಷಗಳು, ಮುಂದಿನ ದಾರಿ

ಪ್ರಶ್ನೆ: ನಮ್ಮ ತಂದೆಯವರು 1985ರಿಂದ 1998ರವರೆಗೆ ಸಾಗರದಲ್ಲಿ ವಿಡಿಯೊ ಲೈಬ್ರರಿ ನಡೆಸುತ್ತಿದ್ದರು. ಅವರು ತೀರಿಕೊಂಡ ಮೇಲೆ ಅಟ್ಟದಲ್ಲಿದ್ದ ಸುಮಾರು 140 ವಿಎಚ್‌ಎಸ್ ಕ್ಯಾಸೆಟ್‌ಗಳೂ 60 ವಿಸಿಡಿಗಳೂ ನನ್ನ ಪಾಲಿಗೆ ಬಂದಿವೆ. ಹೆಚ್ಚಿನವು ಕನ್ನಡ ಚಿತ್ರಗಳು. ಮೂರರಲ್ಲಿ ಒಂದು ಪಾಲು ಕ್ಯಾಸೆಟ್‌ಗಳ ಒಳಗೆ ಬಿಳಿ ಬೂಷ್ಟು ಕಾಣಿಸುತ್ತಿದೆ. ಬಿಸಿಲಿಗಿಟ್ಟು ಒರೆಸಿದರೆ ಸಾಕು ಎಂದು ಒಬ್ಬರು, ಓವನ್‌ನಲ್ಲಿ ಬಿಸಿ ಮಾಡಬೇಕು ಎಂದು ಇನ್ನೊಬ್ಬರು ಹೇಳುತ್ತಾರೆ. ಅಂಗಡಿಯೊಂದರವರು ಎಲ್ಲವನ್ನೂ ಪೆನ್‌ಡ್ರೈವ್‌ಗೆ ಹಾಕಿಕೊಟ್ಟು, ಕ್ಯಾಸೆಟ್‌ಗಳನ್ನು ತಾವೇ ವಿಲೇವಾರಿ ಮಾಡುತ್ತೇವೆ ಎಂದಿದ್ದಾರೆ. ಚೆನ್ನಾಗಿ ಕಂಡ ಒಂದು ಕ್ಯಾಸೆಟ್ ಹಾಕಿ ನೋಡಿದೆ. ಆರಂಭದಲ್ಲಿ ಬರುವ ಸೆನ್ಸಾರ್ ಪ್ರಮಾಣಪತ್ರದಲ್ಲಿ 14 ರೀಲು, 4,103 ಮೀಟರ್ ಎಂದಿದೆ. ಲೆಕ್ಕ ಹಾಕಿದರೆ ಎರಡೂವರೆ ಗಂಟೆಯ ಚಿತ್ರ, ಆದರೆ 2 ಗಂಟೆ 17 ನಿಮಿಷಕ್ಕೇ ಮುಗಿಯಿತು. ಹನ್ನೆರಡು ನಿಮಿಷ ಕತ್ತರಿಸಿದ್ದಾರೆಯೇ? ಅಂತರ್ಜಾಲದಲ್ಲಿರುವ ಅದೇ ಚಿತ್ರ ಇನ್ನೂ ಚಿಕ್ಕದು, 2 ಗಂಟೆ 9 ನಿಮಿಷ. ಕ್ಯಾಸೆಟ್‌ನಲ್ಲಿಲ್ಲದ ಒಂದು ಹಾಡು ಅದರಲ್ಲಿದೆ, ಆದರೆ ಪಾತ್ರಗಳ ತಲೆ ಕೊಯ್ದಂತೆ ಕಾಣುತ್ತದೆ. ಇವನ್ನೆಲ್ಲ ಉಳಿಸಿಕೊಳ್ಳುವುದರಲ್ಲಿ ಅರ್ಥವಿದೆಯೇ? ಪ್ರತಿ ಮಾಡಿಕೊಂಡರೆ ಕಾನೂನಿನ ತೊಡಕು ಬಂದೀತೇ?

ಉತ್ತರ: ಬೇರೆ ಮಾತಿಗೆ ಮೊದಲು ಒಂದು ಕೋರಿಕೆ. ಈ ಉತ್ತರವನ್ನು ಓದಿ ಮುಗಿಸುವವರೆಗೆ ಇನ್ನೊಂದು ಕ್ಯಾಸೆಟ್ಟನ್ನು ಯಂತ್ರಕ್ಕೆ ಹಾಕಬೇಡಿ, ಅಂಗಡಿಯವರಿಗೂ ಒಪ್ಪಿಸಬೇಡಿ.

ನಿಮ್ಮ ಪತ್ರದಲ್ಲಿ ಬೂಷ್ಟಿನ ಚಿಂತೆ ಇದೆ, ನಿಮಿಷಗಳ ಲೆಕ್ಕವಿದೆ, ಕಾನೂನಿನ ಅಳುಕಿದೆ. ಆದರೆ ಇವೆಲ್ಲದರ ಅಡಿಯಲ್ಲಿರುವ ಪ್ರಶ್ನೆ ಒಂದೇ ಎಂದು ನನಗೆ ತೋರುತ್ತದೆ. ಅದೇ ಚಿತ್ರ ಫೋನಿನಲ್ಲಿ ಸಿಗುತ್ತಿರುವಾಗ ಮಸುಕಾದ ಈ ಹಳೆಯ ಕ್ಯಾಸೆಟ್ಟಿಗೆ ಬೆಲೆ ಇದೆಯೇ? ಇದೆ. ವಿಡಿಯೊ ಯಂತ್ರಗಳ ರಿಪೇರಿಯಲ್ಲೂ ಟೇಪುಗಳ ವರ್ಗಾವಣೆಯಲ್ಲೂ ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ಕಳೆದವನಾಗಿ ಇದನ್ನು ಹೇಳುತ್ತಿದ್ದೇನೆ, ಮತ್ತು ಅದಕ್ಕೆ ಬೇಕಾದ ಪುರಾವೆಯನ್ನು ನೀವೇ ಅರಿಯದೆ ಪತ್ರದಲ್ಲಿ ಬರೆದಿದ್ದೀರಿ. ಆದ್ದರಿಂದ ನಿಮಿಷಗಳ ಲೆಕ್ಕದಿಂದಲೇ ಆರಂಭಿಸುತ್ತೇನೆ.

35 ಎಂಎಂ ಫಿಲಂ ಚಿತ್ರಮಂದಿರದಲ್ಲಿ ಸೆಕೆಂಡಿಗೆ 24 ಚೌಕಟ್ಟುಗಳ ವೇಗದಲ್ಲಿ ಓಡುತ್ತದೆ. ಒಂದು ಅಡಿಗೆ 16 ಚೌಕಟ್ಟುಗಳು, ಅಂದರೆ ನಿಮಿಷಕ್ಕೆ 90 ಅಡಿ, ಸುಮಾರು 27.43 ಮೀಟರ್. 4,103 ಮೀಟರನ್ನು ಇದರಿಂದ ಭಾಗಿಸಿದರೆ 149 ನಿಮಿಷ 34 ಸೆಕೆಂಡು ಬರುತ್ತದೆ. ನೀವು ಹಾಕಿದ ಲೆಕ್ಕ ಇದೇ, ಮತ್ತು ಅದು ಸರಿ. ಆದರೆ ನಮ್ಮ ದೇಶದ ದೂರದರ್ಶನವೂ ವಿಡಿಯೊ ಕ್ಯಾಸೆಟ್ಟೂ ಅನುಸರಿಸಿದ್ದು ಪಾಲ್ ಪದ್ಧತಿಯನ್ನು. ಅದರ ವೇಗ ಸೆಕೆಂಡಿಗೆ 25 ಚೌಕಟ್ಟು. ಫಿಲಂನಿಂದ ಟೇಪಿಗೆ ಇಳಿಸುವಾಗ ಆ ಒಂದು ಚೌಕಟ್ಟಿನ ವ್ಯತ್ಯಾಸವನ್ನು ಸರಿದೂಗಿಸಲು ಚಿತ್ರವನ್ನೇ ತುಸು ಬೇಗ ಓಡಿಸುವುದು ವಾಡಿಕೆಯಾಗಿತ್ತು. ನಿಮಿಷಕ್ಕೆ 27.43 ಮೀಟರ್ ಬದಲು 28.57 ಮೀಟರ್ ಸಾಗುತ್ತಿತ್ತು. ಹಾಗಾಗಿ ಒಂದೇ ಒಂದು ಚೌಕಟ್ಟನ್ನೂ ಕತ್ತರಿಸದೆ ಇದ್ದರೂ ನಿಮ್ಮ ಚಿತ್ರ ಟೇಪಿನಲ್ಲಿ 143 ನಿಮಿಷ 35 ಸೆಕೆಂಡಿಗೆ ಮುಗಿಯಬೇಕು. ಕಾಣೆಯಾದ ಹನ್ನೆರಡೂವರೆ ನಿಮಿಷಗಳಲ್ಲಿ ಸುಮಾರು ಆರು ನಿಮಿಷ ಎಲ್ಲಿಗೂ ಹೋಗಿಲ್ಲ, ವೇಗದಲ್ಲಿ ಕರಗಿದೆ. ಉಳಿದ ಆರೂವರೆ ನಿಮಿಷ ಮಾತ್ರ ನಿಜಕ್ಕೂ ಆ ಟೇಪಿನಲ್ಲಿಲ್ಲ. ನಿಮಗೆ ಅಂತರ್ಜಾಲದಲ್ಲಿ ಕಂಡ ಹಾಡು ಆ ಆರೂವರೆಯಲ್ಲಿ ನಾಲ್ಕನ್ನೋ ಐದನ್ನೋ ತುಂಬಬಹುದು. ಪ್ರಮಾಣಪತ್ರದ ಕೆಳಗೆ ಸಣ್ಣ ತ್ರಿಕೋನದ ಗುರುತಿದೆಯೇ ಎಂಬುದನ್ನೂ ನೋಡಿ. ಇದ್ದರೆ ಸೆನ್ಸಾರ್ ಮಂಡಳಿಯೇ ಕೆಲವು ಕಡೆ ಕತ್ತರಿಗೆ ಸೂಚಿಸಿತ್ತು ಎಂದರ್ಥ.

ವೇಗ ಹೆಚ್ಚಾದದ್ದನ್ನು ಕಿವಿಯಿಂದಲೇ ಪರೀಕ್ಷಿಸಬಹುದು. ಅದೇ ಚಿತ್ರದ ಹಾಡನ್ನು ಗ್ರಾಮಫೋನ್ ತಟ್ಟೆಯಿಂದ ಬಂದ ಒಳ್ಳೆಯ ಪ್ರತಿಯಲ್ಲಿ ಕೇಳಿ, ಆಮೇಲೆ ಟೇಪಿನಲ್ಲಿ ಕೇಳಿ. ನಾಲ್ಕು ನಿಮಿಷದ ಹಾಡು ಟೇಪಿನಲ್ಲಿ ಹತ್ತು ಸೆಕೆಂಡು ಮೊದಲೇ ಮುಗಿಯುತ್ತದೆ. ಶ್ರುತಿಯೂ ಏರಿರುತ್ತದೆ, ಹಾರ್ಮೋನಿಯಂನ ಒಂದು ಮನೆಯಿಂದ ಪಕ್ಕದ ಮನೆಗಿರುವ ಅಂತರದ ಮುಕ್ಕಾಲು ಪಾಲಿಗೆ ತುಸು ಕಡಿಮೆ. ಸಂಗೀತ ಬಲ್ಲ ಗಿರಾಕಿಯೊಬ್ಬರು ಒಮ್ಮೆ ನನ್ನ ಯಂತ್ರವೇ ಕೆಟ್ಟಿದೆ ಎಂದು ವಾದಿಸಿದ್ದರು. ಅವರ ಕಿವಿ ಸರಿಯಾಗಿಯೇ ಇತ್ತು, ಯಂತ್ರವೂ ಸರಿಯಾಗಿತ್ತು. ಅಂತರ್ಜಾಲದ ಪ್ರತಿಗೂ ಇದೇ ಪರೀಕ್ಷೆ ಮಾಡಿ. ಅದು 25ರ ವೇಗದ್ದಾದರೆ ಅದರಲ್ಲಿ ಹದಿನಾಲ್ಕೂವರೆ ನಿಮಿಷ ಇಲ್ಲ, 24ರ ವೇಗದ್ದಾದರೆ ಇಪ್ಪತ್ತೂವರೆ ನಿಮಿಷ ಇಲ್ಲ. ವೇಗವನ್ನು ಗೊತ್ತುಮಾಡಿಕೊಳ್ಳದೆ ಎರಡು ಪ್ರತಿಗಳ ನಿಮಿಷಗಳನ್ನು ಎದುರುಬದುರು ಇಟ್ಟು ತೀರ್ಮಾನಿಸುವುದು ಸಂಗ್ರಾಹಕರು ಮತ್ತೆ ಮತ್ತೆ ಮಾಡುವ ತಪ್ಪು.

ನಿಜವಾದ ಕತ್ತರಿಯನ್ನು ಗುರುತಿಸಲು ಪರದೆಯ ಬಲ ಮೇಲ್ಮೂಲೆಯನ್ನು ಗಮನಿಸಿ. ಚಿತ್ರಮಂದಿರದಲ್ಲಿ ಓಡಿದ ಪ್ರಿಂಟಿನಿಂದ ಟೇಪು ಮಾಡಿದ್ದರೆ, ರೀಲು ಮುಗಿಯುವ ಹೊತ್ತಿಗೆ ಅಲ್ಲಿ ಒಂದು ದುಂಡು ಗುರುತು ಮಿಂಚಿ ಮರೆಯಾಗುತ್ತದೆ, ಕೆಲವು ಸೆಕೆಂಡಿನ ಬಳಿಕ ಇನ್ನೊಮ್ಮೆ ಮಿಂಚುತ್ತದೆ. ಪ್ರೊಜೆಕ್ಟರ್ ನಡೆಸುವವರಿಗೆ ಯಂತ್ರ ಬದಲಿಸಲು ಇದ್ದ ಸೂಚನೆ ಅದು. ಆ ಗುರುತುಗಳ ಬಳಿಯಲ್ಲಿ ಮಾತು ಅರ್ಧಕ್ಕೆ ನಿಂತು ದೃಶ್ಯ ನೆಗೆದರೆ ಪ್ರಿಂಟ್ ಸವೆದು ಹರಿದ ಜಾಗವೆಂದು ತಿಳಿಯಬಹುದು. ಗುರುತಿಲ್ಲದ ಕಡೆ ಹಾಡೊಂದು ನುಣ್ಣಗೆ ಮಾಯವಾಗಿದ್ದರೆ ಯಾರೋ ಬೇಕೆಂದೇ ತೆಗೆದಿದ್ದಾರೆ.

ಈಗ ತಲೆ ಕೊಯ್ದ ವಿಷಯ. ಅಗಲ ತೆರೆಯ ಸಿನಿಮಾಸ್ಕೋಪ್ ಅಲ್ಲದ ನಮ್ಮ ಹಳೆಯ ಚಿತ್ರಗಳ ಚೌಕಟ್ಟು ಹಳೆಯ ಟಿವಿಯ 4:3 ಆಕಾರಕ್ಕೆ ಬಹಳ ಹತ್ತಿರ. ಹಾಗಾಗಿ ಕ್ಯಾಸೆಟ್ಟಿನಲ್ಲಿ ಛಾಯಾಗ್ರಾಹಕರು ಕಟ್ಟಿದ ಚೌಕಟ್ಟು ಹೆಚ್ಚುಕಡಿಮೆ ಪೂರ್ತಿಯಾಗಿ ಉಳಿದಿದೆ. ಅದನ್ನೇ ಇಂದಿನ ಅಗಲ ಪರದೆಯ 16:9 ಆಕಾರಕ್ಕೆ ತುಂಬಿಸಬೇಕೆಂದು ಮೇಲೂ ಕೆಳಗೂ ಕತ್ತರಿಸಿದರೆ ಚಿತ್ರದ ನಾಲ್ಕನೇ ಒಂದು ಪಾಲು ಹೋಗುತ್ತದೆ. ನಿಮಗೆ ಕಂಡದ್ದು ಇದೇ. ಸಿನಿಮಾಸ್ಕೋಪ್ ಚಿತ್ರಗಳಲ್ಲಿ ಅನ್ಯಾಯ ತಿರುವುಮುರುವಾಗಿ ನಡೆದಿದೆ. ಟೇಪಿನ ಚೌಕಕ್ಕೆ ಹೊಂದಿಸಲು ಎಡಬಲಗಳನ್ನು ಕತ್ತರಿಸಿದ್ದರಿಂದ ಶೇಕಡ 40ಕ್ಕೂ ಹೆಚ್ಚು ಚಿತ್ರ ಅಲ್ಲಿಯೇ ನಷ್ಟವಾಗಿದೆ. ಅಂಥ ಚಿತ್ರಕ್ಕೆ ಹೊಸ ಪ್ರತಿ ಇದ್ದರೆ ದೃಶ್ಯದ ಮಟ್ಟಿಗೆ ಹೊಸದೇ ಮೇಲು.

ಅಂದರೆ ನಿಮ್ಮ ಕೈಯಲ್ಲಿರುವುದು ಹೊಸ ಪ್ರತಿಯ ಕಳಪೆ ನಕಲಲ್ಲ, ಅದೇ ಚಿತ್ರದ ಬೇರೊಂದು ಪಾಠ. ಹಳೆಗನ್ನಡ ಕಾವ್ಯವನ್ನು ಸಂಪಾದಿಸುವವರು ಓಲೆಪ್ರತಿಗಳನ್ನು ಹೋಲಿಸುವಂತೆ, ಒಂದರಲ್ಲಿ ಹಾಡಿದೆ, ಇನ್ನೊಂದರಲ್ಲಿ ಪೂರ್ಣ ಚೌಕಟ್ಟಿದೆ, ಎರಡೂ ಸೇರಿದರೆ ಮಾತ್ರ ಚಿತ್ರದ ನಿಜ ರೂಪಕ್ಕೆ ಹತ್ತಿರವಾಗಬಹುದು. ಇದು ಕನ್ನಡಕ್ಕೆ ಮಾತ್ರ ಸೀಮಿತವಾದ ಸಂಗತಿಯಲ್ಲ. 1977ರ ‘ಸ್ಟಾರ್ ವಾರ್ಸ್’ ಚಿತ್ರವನ್ನು ಅದರ ನಿರ್ದೇಶಕರೇ 1997ರಲ್ಲಿ ಬದಲಾಯಿಸಿ ಮರುಬಿಡುಗಡೆ ಮಾಡಿದ ಮೇಲೆ, ಮೊದಲ ರೂಪವನ್ನು ಬಯಸಿದವರಿಗೆ 1990ರ ದಶಕದ ಮೊದಲ ಭಾಗದ ಲೇಸರ್‌ಡಿಸ್ಕ್ (ಡಿವಿಡಿಗೆ ಮುಂಚಿನ ದೊಡ್ಡ ವಿಡಿಯೊ ತಟ್ಟೆ) ಮತ್ತು ಕ್ಯಾಸೆಟ್‌ಗಳೇ ಆಸರೆಯಾದವು. 2006ರಲ್ಲಿ ಡಿವಿಡಿಯಲ್ಲಿ ಆ ಮೂಲ ರೂಪವನ್ನು ಕೊಟ್ಟಾಗಲೂ ಬಳಸಿದ್ದು ಲೇಸರ್‌ಡಿಸ್ಕ್‌ಗಾಗಿ ತಯಾರಿಸಿದ್ದ ಹಳೆಯ ಮಾಸ್ಟರನ್ನೇ. ಲೋಕದ ಅತಿ ಶ್ರೀಮಂತ ಚಿತ್ರೋದ್ಯಮದಲ್ಲೇ ಹೀಗಾದರೆ, ಕನ್ನಡದ ಮೊದಲ ವಾಕ್ಚಿತ್ರವಾದ 1934ರ ‘ಸತಿ ಸುಲೋಚನ’ದ ಒಂದು ಪ್ರತಿಯನ್ನೂ ಉಳಿಸಿಕೊಳ್ಳಲಾಗದ ನಾವು ಅಟ್ಟದ ಕ್ಯಾಸೆಟ್ಟನ್ನು ಕಸವೆಂದು ಕರೆಯುವ ಮೊದಲು ಎರಡು ಸಲ ಯೋಚಿಸಬೇಕು.

ಇನ್ನು ಬೂಷ್ಟು. ಕ್ಯಾಸೆಟ್ಟನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು, ಪಾರದರ್ಶಕ ಕಿಂಡಿಯೊಳಗೆ ಟೇಪಿನ ಸುತ್ತಿನ ಅಂಚನ್ನು ನೋಡಿ. ಆರೋಗ್ಯವಾದ ಸುತ್ತು ಗ್ರಾಮಫೋನ್ ತಟ್ಟೆಯಂತೆ ಕಪ್ಪಾಗಿ, ನಯವಾಗಿ ಹೊಳೆಯುತ್ತದೆ. ಬೂಷ್ಟು ಹಿಡಿದದ್ದರಲ್ಲಿ ಅಕ್ಕಿಹಿಟ್ಟು ಉದುರಿಸಿದಂಥ ಮಚ್ಚೆಗಳು ಅಥವಾ ಜೇಡನ ನೂಲಿನಂಥ ಬಿಳಿ ಎಳೆಗಳು ಕಾಣುತ್ತವೆ. ಸುತ್ತು ಮಟ್ಟಸವಾಗಿರದೆ ಕೆಲವು ಎಳೆಗಳು ಮೆಟ್ಟಿಲಿನಂತೆ ಮೇಲೆದ್ದಿದ್ದರೆ ಅದು ಬೂಷ್ಟಲ್ಲ, ಹಿಂದೊಮ್ಮೆ ಸಡಿಲವಾಗಿ ಸುತ್ತಿದ್ದರ ಗುರುತು.

ವಿಎಚ್‌ಎಸ್ ಟೇಪು ಅರ್ಧ ಇಂಚು ಅಗಲದ ಪಾಲಿಯೆಸ್ಟರ್ ಪಟ್ಟಿ. ಅದರ ಮೇಲೆ ಕಾಂತೀಯ ಕಣಗಳನ್ನು ಒಂದು ಬಗೆಯ ಅಂಟಿನಲ್ಲಿ ಕಲಸಿ ಲೇಪಿಸಿರುತ್ತಾರೆ. ಗಾಳಿಯ ತೇವಾಂಶ ಶೇಕಡ 65–70ನ್ನು ದಾಟಿ ಬಹುಕಾಲ ನಿಂತರೆ ಈ ಅಂಟು, ಅದರಲ್ಲಿನ ಜಾರುವ ಪದಾರ್ಥ, ಮೇಲೆ ಕೂತ ಧೂಳು, ಬೆರಳಿನ ಜಿಡ್ಡು ಎಲ್ಲವೂ ಶಿಲೀಂಧ್ರಕ್ಕೆ ಆಹಾರವಾಗುತ್ತವೆ. ನಿಮ್ಮ ಮಲೆನಾಡಿನ ಮಳೆಗಾಲದಲ್ಲಿ ಅಟ್ಟದ ಗಾಳಿ ತಿಂಗಳುಗಟ್ಟಲೆ ಆ ಮಿತಿಯ ಮೇಲೆಯೇ ಇರುತ್ತದೆ. ಬೂಷ್ಟು ಹಿಡಿದ ಟೇಪನ್ನು ಯಂತ್ರಕ್ಕೆ ಹಾಕಿದರೆ ಮೂರು ಬಗೆಯ ಹಾನಿ ಆಗುತ್ತದೆ. ಅಂಟಿಕೊಂಡ ಸುತ್ತುಗಳು ಎಳೆತಕ್ಕೆ ಸಿಕ್ಕಿ ಹರಿಯುತ್ತವೆ ಅಥವಾ ಲೇಪನವೇ ಕಿತ್ತು ಬರುತ್ತದೆ. ಸೆಕೆಂಡಿಗೆ 25 ಸುತ್ತು ತಿರುಗುವ ಡ್ರಮ್ಮಿನ ಮೇಲಿನ ಹೆಡ್, ಕೂದಲಿಗಿಂತ ತೆಳ್ಳಗಿನ ಜಾಡನ್ನು ಓದುವಂಥದ್ದು, ಪುಡಿಯಿಂದ ಕಟ್ಟಿಕೊಳ್ಳುತ್ತದೆ. ಎಲ್ಲಕ್ಕಿಂತ ಕೆಟ್ಟದ್ದೆಂದರೆ ಯಂತ್ರದಲ್ಲಿ ಉಳಿದ ಬೀಜಕಣಗಳು ಮುಂದೆ ಹಾಕುವ ಶುದ್ಧ ಕ್ಯಾಸೆಟ್‌ಗಳಿಗೆಲ್ಲ ಅಂಟುತ್ತವೆ. ನಿಮ್ಮನ್ನು ಮೊದಲ ಸಾಲಿನಲ್ಲೇ ತಡೆದದ್ದು ಇದಕ್ಕಾಗಿ.

ಬಿಸಿಲು ಪರಿಹಾರವಲ್ಲ. ಹಪ್ಪಳಕ್ಕೆ ಒಪ್ಪುವ ಉಪಾಯ ಟೇಪಿಗೆ ಒಪ್ಪುವುದಿಲ್ಲ. ತಾರಸಿಯ ಮೇಲೆ ಒಂದು ಮಧ್ಯಾಹ್ನ ಇಟ್ಟು ತಂದ ಕ್ಯಾಸೆಟ್‌ಗಳನ್ನು ನಾನು ತೆರೆದು ನೋಡಿದ್ದೇನೆ. ಪೆಟ್ಟಿಗೆಯ ಮೇಲ್ಭಾಗ ದೋಣಿಯಂತೆ ಬಾಗಿತ್ತು. ಒಳಗಿನ ಸುತ್ತಿನ ಹೊರಪದರಗಳು ಮಾತ್ರ ಬಿಗಿದುಕೊಂಡು ಅಂಚು ಅಲೆಅಲೆಯಾಗಿತ್ತು. ವಿಎಚ್‌ಎಸ್‌ನಲ್ಲಿ ಧ್ವನಿಯ ಸಾಮಾನ್ಯ ಜಾಡು ಇರುವುದು ಆ ಅಂಚಿನಲ್ಲೇ, ಹಾಗಾಗಿ ಚಿತ್ರ ಬಂದರೂ ಮಾತು ಬರಲಿಲ್ಲ. ಓವನ್‌ನ ಸಲಹೆಗೆ ಮಾತ್ರ ಒಂದು ಅಸಲಿ ಮೂಲವಿದೆ. 1970–80ರ ದಶಕಗಳ ಕೆಲವು ವೃತ್ತಿಪರ ಟೇಪುಗಳಲ್ಲಿ, ವಿಶೇಷವಾಗಿ ಸ್ಪೂಲಿನ ಆಡಿಯೊ ಟೇಪುಗಳಲ್ಲಿ, ಅಂಟು ಗಾಳಿಯ ನೀರನ್ನು ಹೀರಿ ಜಿಗುಟಾಗುವ ಕಾಯಿಲೆ ಇದೆ. ಅದಕ್ಕೆ ಪ್ರಯೋಗಾಲಯದ ನಿಯಂತ್ರಿತ ಪೆಟ್ಟಿಗೆಯಲ್ಲಿ 50–55 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹಲವು ಗಂಟೆ ಕಾಯಿಸುವುದು ಒಪ್ಪಿತವಾದ ಚಿಕಿತ್ಸೆ. ವಿಎಚ್‌ಎಸ್‌ನಲ್ಲಿ ಆ ಕಾಯಿಲೆ ಅಪರೂಪ. ನಿಮ್ಮದು ಬೂಷ್ಟು, ಬೇರೆಯದೇ ಕಾಯಿಲೆ, ಮತ್ತು ಅಡುಗೆಮನೆಯ ಓವನ್ ತಾನು ತೋರಿಸುವ ಉಷ್ಣತೆಯಿಂದ ಎಷ್ಟೋ ಡಿಗ್ರಿ ಆಚೀಚೆ ಹೋಗುವ ಸಾಧನ. ದಯವಿಟ್ಟು ಬೇಡ.

ಮಾಡಬೇಕಾದದ್ದು ಹೀಗಿದೆ. ಬೂಷ್ಟಿರುವ ಕ್ಯಾಸೆಟ್‌ಗಳನ್ನು ಇಲ್ಲದವುಗಳಿಂದ ಬೇರೆ ಕೋಣೆಗೆ ಸಾಗಿಸಿ. ಗಾಳಿಯಾಡದ ದೊಡ್ಡ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಸಾಕಷ್ಟು ಸಿಲಿಕಾ ಜೆಲ್ ಹಾಗೂ ಒಂದು ಸಣ್ಣ ತೇವಾಂಶಮಾಪಕದೊಂದಿಗೆ ಅವನ್ನು ನಿಲ್ಲಿಸಿಡಿ. ತೇವಾಂಶ ಶೇಕಡ 40ರ ಕೆಳಗೆ ಇಳಿದು ಎರಡು ಮೂರು ವಾರ ಅಲ್ಲೇ ನಿಂತರೆ ಒದ್ದೆಯಾಗಿ ಅಂಟುತ್ತಿದ್ದ ಬೂಷ್ಟು ಒಣಪುಡಿಯಾಗುತ್ತದೆ. ಅದು ಸತ್ತಿರುವುದಿಲ್ಲ, ಮಲಗಿರುತ್ತದೆ, ಆದರೆ ಆಗ ಅದನ್ನು ತೆಗೆಯುವುದು ಸಾಧ್ಯ. ಜೆಲ್ಲನ್ನು ಆಗಾಗ ಒಣಗಿಸಿ ಬದಲಿಸುತ್ತಿರಬೇಕು. ಈ ಕೆಲಸವನ್ನು ಮಳೆಗಾಲದಲ್ಲಿ ಆರಂಭಿಸಬೇಡಿ, ಸಂಕ್ರಾಂತಿಯ ನಂತರದ ಒಣ ದಿನಗಳು ಒಳ್ಳೆಯವು.

ಶುಚಿ ಮಾಡುವ ಕೆಲಸವನ್ನು ಮನೆಯವರು ಓಡಾಡದ, ಗಾಳಿಯಾಡುವ ಜಾಗದಲ್ಲಿ ಎನ್95 ಮುಖಗವುಸು ಮತ್ತು ಕೈಗವುಸು ಹಾಕಿಕೊಂಡೇ ಮಾಡಬೇಕು. ಆಸ್ತಮಾ ಇದ್ದವರು ಇದಕ್ಕೆ ಕೈಹಾಕಲೇಬಾರದು. ಕ್ಯಾಸೆಟ್ಟಿನ ತಳದಲ್ಲಿ ಐದು ತಿರುಪುಗಳಿವೆ. ಪೆಟ್ಟಿಗೆಯನ್ನು ತಲೆಕೆಳಗಾಗಿ ಹಿಡಿದು ಅವನ್ನು ಬಿಚ್ಚಿ, ಆಮೇಲೆ ಎರಡು ಭಾಗಗಳನ್ನೂ ಒತ್ತಿ ಹಿಡಿದುಕೊಂಡೇ ನೆಟ್ಟಗೆ ತಿರುಗಿಸಿ ಮೇಲಿನ ಭಾಗವನ್ನು ಎತ್ತಿ. ಇಲ್ಲದಿದ್ದರೆ ಪುಟ್ಟ ಸ್ಪ್ರಿಂಗುಗಳು ಹಾರಿಹೋಗುತ್ತವೆ. ಮೊದಲ ಸಲ ಟೇಪು ಸಾಗುವ ದಾರಿಯ ಫೋಟೊ ತೆಗೆದುಕೊಳ್ಳಿ. ಮೃದುವಾದ ಕುಂಚದಿಂದ ಸುತ್ತಿನ ಅಂಚಿನ ಪುಡಿಯನ್ನು ಸೂಕ್ಷ್ಮ ಕಣಗಳನ್ನೂ ಹಿಡಿಯುವ ಹೆಪಾ ಫಿಲ್ಟರ್ ಇರುವ ವ್ಯಾಕ್ಯೂಮ್ ಕ್ಲೀನರಿನ ಬಾಯಿಯ ಕಡೆಗೆ ತಳ್ಳಿ, ಊದಬೇಡಿ. ಆಮೇಲೆ ಸ್ಪೂಲುಗಳನ್ನು ಯಾವುದಾದರೂ ಬೇಡದ, ಶುದ್ಧವಾದ ಕ್ಯಾಸೆಟ್ಟಿನ ಪೆಟ್ಟಿಗೆಗೆ ವರ್ಗಾಯಿಸಿ. ಟೇಪಿನ ಮೈಯನ್ನು ಒರೆಸಲು ಈ ಕೆಲಸಕ್ಕೇ ಮೀಸಲಿಟ್ಟ ಒಂದು ಹಳೆಯ ಯಂತ್ರ ಬೇಕು. ಅದರ ಡ್ರಮ್ಮಿಗೆ ಟೇಪು ತಾಗದಂತೆ ಮಾಡಿ, ನೂಲು ಬಿಡದ ಬಟ್ಟೆಯ ನಡುವೆ ಟೇಪನ್ನು ನಿಧಾನವಾಗಿ ಆ ತುದಿಯಿಂದ ಈ ತುದಿಗೆ ಸುತ್ತಬೇಕು. ಬಟ್ಟೆಯ ಜಾಗ ಕಪ್ಪಾದ ಕೂಡಲೇ ಬದಲಿಸಬೇಕು. ಒಣಬಟ್ಟೆಯೇ ಸಾಕು, ಟೇಪಿನ ಮೇಲೆ ಸ್ಪಿರಿಟ್ ಸುರಿಯುವ ಅಭ್ಯಾಸ ನನಗೆ ಒಪ್ಪಿಗೆಯಿಲ್ಲ. ಸುತ್ತುಗಳು ಬಿಡದೆ ಅಂಟಿಕೊಂಡಿದ್ದರೆ ಅಲ್ಲಿಗೇ ನಿಲ್ಲಿಸಿ ಅದನ್ನು ಪರಿಣತರಿಗೆ ಬಿಡಿ. ಎಳೆದರೆ ಹೋದದ್ದು ಮರಳಿ ಬರುವುದಿಲ್ಲ.

ಯಂತ್ರದ ಹೆಡ್ ಶುಚಿಮಾಡುವಾಗಲೂ ಒಂದು ಎಚ್ಚರಿಕೆ ಬೇಕು. ಹತ್ತಿ ಸುತ್ತಿದ ಕಡ್ಡಿಯನ್ನು ಬಳಸಬೇಡಿ, ಅದರ ಎಳೆ ಸಿಕ್ಕಿಕೊಂಡು ಹೆಡ್ಡನ್ನೇ ಮುರಿಯುತ್ತದೆ. ಮೃದು ಚರ್ಮದ ತುಂಡಿಗೆ ಶುದ್ಧ ಐಸೊಪ್ರೊಪೈಲ್ ಆಲ್ಕೊಹಾಲ್ ಹನಿಸಿ, ಅದನ್ನು ಡ್ರಮ್ಮಿಗೆ ಒತ್ತಿ ಅಲುಗಾಡದಂತೆ ಹಿಡಿದು, ಇನ್ನೊಂದು ಕೈಯಿಂದ ಡ್ರಮ್ಮನ್ನು ತಿರುಗಿಸಿ. ಮೇಲೆ ಕೆಳಗೆ ಎಂದಿಗೂ ಉಜ್ಜಬೇಡಿ.

ಉಳಿದ ನಂಬಿಕೆಗಳನ್ನು ಬೇಗ ಮುಗಿಸುತ್ತೇನೆ. ಕಬ್ಬಿಣದ ಬೀರುವಿನಲ್ಲಿಟ್ಟರೆ ಟೇಪು ಅಳಿಸಿಹೋಗುತ್ತದೆ ಎಂಬುದು ಸುಳ್ಳು. ಮೊಬೈಲ್ ಪಕ್ಕದಲ್ಲಿಟ್ಟರೂ ಏನೂ ಆಗುವುದಿಲ್ಲ. ಬಲವಾದ ಅಯಸ್ಕಾಂತವಿರುವ ದೊಡ್ಡ ಸ್ಪೀಕರಿಗೆ ತಾಗಿಸಿ ಇಡದಿದ್ದರೆ ಸಾಕು. ಇಪ್ಪತ್ತು ವರ್ಷಕ್ಕೆ ಟೇಪು ತಾನಾಗಿ ಸಾಯುತ್ತದೆ ಎಂಬುದೂ ನಿಜವಲ್ಲ, ಒಣಜಾಗದಲ್ಲಿದ್ದ 1980ರ ದಶಕದ ಕ್ಯಾಸೆಟ್‌ಗಳು ಇಂದಿಗೂ ನನ್ನ ಮೇಜಿನ ಮೇಲೆ ಚೆನ್ನಾಗಿ ಓಡುತ್ತಿವೆ. ಆದರೆ ನುಸಿಗುಳಿಗೆ ನಿರಪಾಯಕಾರಿ ಎಂಬ ನಂಬಿಕೆಯನ್ನು ಬಿಡಿ. ನ್ಯಾಫ್ತಲೀನಿನ ಆವಿ ಕ್ಯಾಸೆಟ್, ವಿಸಿಡಿ ಡಬ್ಬಿಗಳ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕನ್ನು ಮೆತ್ತಗಾಗಿಸಿ ಅಂಟಿಸಿಬಿಡುತ್ತದೆ. ಅಟ್ಟದಲ್ಲಿ ಹಾಕಿದ್ದರೆ ಇಂದೇ ತೆಗೆಯಿರಿ.

ವರ್ಗಾವಣೆಗೆ ಬಂದರೆ, ಟೇಪಿಗಿಂತ ಯಂತ್ರವೇ ದುರ್ಲಭ ಎಂಬುದು ನಿಮ್ಮ ಮನಸ್ಸಿನಲ್ಲಿರಲಿ. ಜೆವಿಸಿ ಕಂಪನಿ 1976ರಲ್ಲಿ ಜಪಾನಿನಲ್ಲಿ ಆರಂಭಿಸಿದ ವಿಎಚ್‌ಎಸ್‌ಗೆ ಕೊನೆಯವರೆಗೂ ಯಂತ್ರ ತಯಾರಿಸುತ್ತಿದ್ದ ಫುನಾಯ್ ಕಂಪನಿ 2016ರ ಜುಲೈನಲ್ಲಿ ಅದನ್ನು ನಿಲ್ಲಿಸಿತು. ಆಸ್ಟ್ರೇಲಿಯಾದ ರಾಷ್ಟ್ರೀಯ ಚಲನಚಿತ್ರ ಮತ್ತು ಧ್ವನಿ ಸಂಗ್ರಹಾಲಯ 2015ರಲ್ಲೇ, 2025ರ ಹೊತ್ತಿಗೆ ವರ್ಗಾಯಿಸದ ಟೇಪುಗಳು ಬಹುಪಾಲು ಕೈತಪ್ಪಿದಂತೆಯೇ ಎಂದು ಎಚ್ಚರಿಸಿತ್ತು. ಬಿಡಿಭಾಗಗಳೂ ರಿಪೇರಿ ಬಲ್ಲವರೂ ಕಡಿಮೆಯಾಗುತ್ತಿರುವುದನ್ನು ನಾನು ದಿನವೂ ಕಾಣುತ್ತಿದ್ದೇನೆ.

ಅಂಗಡಿಯ ಪೆನ್‌ಡ್ರೈವ್ ಸೇವೆ ಅಗ್ಗ, ಬೇಗ. ಮದುವೆಯ ಟೇಪನ್ನು ಮನೆಮಂದಿ ನೋಡುವುದಕ್ಕೆ ಅದು ಸಾಕಾದೀತು. ಆದರೆ ಇಂಥ ಕಡೆಗಳಲ್ಲಿ ಸಾಮಾನ್ಯವಾಗಿ ಸಣ್ಣ ಯುಎಸ್‌ಬಿ ಸಾಧನದಿಂದ ನೇರವಾಗಿ ಬಿಗಿಯಾಗಿ ಕುಗ್ಗಿಸಿದ ಎಂಪಿ4 ಕಡತ ಮಾಡುತ್ತಾರೆ. ಚೌಕಟ್ಟುಗಳು ಬಿಟ್ಟುಹೋಗುತ್ತವೆ, ತುಟಿಗೂ ಮಾತಿಗೂ ಹೊಂದಾಣಿಕೆ ತಪ್ಪುತ್ತದೆ, ಕತ್ತಲ ದೃಶ್ಯಗಳು ಚೌಕಚೌಕವಾಗಿ ಒಡೆಯುತ್ತವೆ. ಯಾವ ಅಂಗಡಿಗೆ ಕೊಡುವುದಾದರೂ ಮೊದಲು ಕೇಳಿ: 720×576 ಅಳತೆಯಲ್ಲಿ, ಸೆಕೆಂಡಿಗೆ 50 ಅರೆಚೌಕಟ್ಟುಗಳನ್ನೂ (ಪ್ರತಿ ಚೌಕಟ್ಟಿನ ಗೆರೆಗಳನ್ನು ಒಂದು ಬಿಟ್ಟು ಒಂದರಂತೆ ಹಂಚಿದ ಎರಡು ಅರ್ಧಗಳು) ಬೆರೆಸದೆ ಹಾಗೇ ಉಳಿಸಿ, ಗುಣ ನಷ್ಟವಾಗದ ಕಡತ ಕೊಡುತ್ತಾರೆಯೇ? ಟೈಮ್ ಬೇಸ್ ಕರೆಕ್ಟರ್ ಬಳಸುತ್ತಾರೆಯೇ? ಕ್ಯಾಸೆಟ್‌ಗಳನ್ನು ಮರಳಿಸುತ್ತಾರೆಯೇ? ಕೊನೆಯ ಪ್ರಶ್ನೆಗೆ ಇಲ್ಲ ಎಂದರೆ ಮಾತುಕತೆ ಅಲ್ಲಿಗೇ ಮುಗಿಯಲಿ. ಇಂದಿನ ವರ್ಗಾವಣೆಗಿಂತ ನಾಳಿನದು ಉತ್ತಮವಾಗಿರಬಹುದು, ಆದರೆ ಟೇಪು ಇದ್ದರೆ ಮಾತ್ರ.

ಟೈಮ್ ಬೇಸ್ ಕರೆಕ್ಟರ್ ಏಕೆ ಬೇಕೆಂದರೆ, ಹಳೆಯ ಟೇಪು ಅಲ್ಲಲ್ಲಿ ಕೂದಲೆಳೆಯಷ್ಟು ಹಿಗ್ಗಿರುವುದರಿಂದ ಚಿತ್ರದ ಪ್ರತಿ ಗೆರೆಯೂ ತುಸು ಹಿಂದುಮುಂದಾಗಿ ಆರಂಭವಾಗುತ್ತದೆ. ನಾಯಕಿಯ ಹಿಂದಿನ ಬಾಗಿಲ ಚೌಕಟ್ಟು ಹಾವಿನಂತೆ ನುಲಿಯುವುದನ್ನು ನೀವು ನೋಡಿರುತ್ತೀರಿ. ಕರೆಕ್ಟರ್ ಪ್ರತಿ ಗೆರೆಯನ್ನೂ ಹಿಡಿದು ಸಾಲಿಗೆ ನಿಲ್ಲಿಸುತ್ತದೆ. ವಿಎಚ್‌ಎಸ್‌ನ ಮೇಲ್ದರ್ಜೆಯ ರೂಪವಾದ ಎಸ್-ವಿಎಚ್‌ಎಸ್‌ನ ಒಳ್ಳೆಯ ಯಂತ್ರಗಳಲ್ಲಿ ಇದು ಒಳಗೇ ಇರುತ್ತದೆ. ಅದು ಸಿಗದವರು ಪ್ಯಾನಸೋನಿಕ್‌ನ ಇಎಸ್10, ಇಎಸ್15ರಂಥ ಹಳೆಯ ಡಿವಿಡಿ ರೆಕಾರ್ಡರನ್ನು ನಡುವೆ ಇಟ್ಟು, ಅದರ ಮೂಲಕ ಸಂಕೇತವನ್ನು ಹಾಯಿಸಿ ಸುಧಾರಿಸಿಕೊಳ್ಳುತ್ತಾರೆ. ಕಡತಕ್ಕೆ ಗುಣ ನಷ್ಟವಾಗದಂತೆ ಕುಗ್ಗಿಸುವ ಎಫ್‌ಎಫ್‌ವಿ1 ಎಂಬ ಮುಕ್ತ ವಿಧಾನವನ್ನು ನಾನು ಶಿಫಾರಸು ಮಾಡುತ್ತೇನೆ. ಗಂಟೆಗೆ ಸುಮಾರು 30 ಜಿಬಿ ಹಿಡಿಯುತ್ತದೆ, ಒಂದು ಚಿತ್ರಕ್ಕೆ 70 ಜಿಬಿ ಎಂದಿಟ್ಟುಕೊಳ್ಳಿ. 140 ಕ್ಯಾಸೆಟ್‌ಗಳಿಗೆ ಹತ್ತಿರ ಹತ್ತಿರ 10 ಟಿಬಿ, ಎರಡು ಪ್ರತಿ ಇಡಬೇಕಾದ್ದರಿಂದ 20. ಇದು ಭಾರಿ ಖರ್ಚು. ಆದ್ದರಿಂದ ಎಲ್ಲವನ್ನೂ ಮಾಡಲು ಹೋಗಬೇಡಿ. ಬೇರೆಲ್ಲೂ ಪೂರ್ಣವಾಗಿ ಸಿಗದ ಚಿತ್ರಗಳನ್ನು ಮೊದಲು ಆರಿಸಿ. ನಿಮ್ಮ ತಂದೆಯವರು ಬೆಂಗಳೂರು ದೂರದರ್ಶನದಿಂದ ಮನೆಯಲ್ಲೇ ರೆಕಾರ್ಡ್ ಮಾಡಿದ ಟೇಪುಗಳಿದ್ದರೆ ಅವುಗಳಿಗೆ ಎಲ್ಲಕ್ಕಿಂತ ಮೊದಲ ಸ್ಥಾನ, ಏಕೆಂದರೆ ಅವುಗಳಿಗೆ ಇನ್ನೊಂದು ಪ್ರತಿ ಇರುವ ಸಾಧ್ಯತೆ ಕಡಿಮೆ. ಅಂಥ ಕ್ಯಾಸೆಟ್ಟಿನ ಬೆನ್ನಂಚಿನ ಪುಟ್ಟ ಪ್ಲಾಸ್ಟಿಕ್ ನಾಲಿಗೆಯನ್ನು ಮುರಿದುಬಿಡಿ, ಆಮೇಲೆ ಕೈತಪ್ಪಿ ರೆಕಾರ್ಡ್ ಒತ್ತಿದರೂ ಅಳಿಸುವುದಿಲ್ಲ.

ಇನ್ನೂ ಮುಂದೆ ಹೋಗಬಯಸುವ ಹವ್ಯಾಸಿಗಳು ಹೆಡ್ಡಿನಿಂದ ಬರುವ ಮೂಲ ರೇಡಿಯೊ ಸಂಕೇತವನ್ನೇ ಯಂತ್ರ ಸಂಸ್ಕರಿಸುವ ಮೊದಲು ಸೆರೆಹಿಡಿದು, ಚಿತ್ರವನ್ನು ತಂತ್ರಾಂಶದಿಂದ ಕಟ್ಟುತ್ತಾರೆ. ವಿಎಚ್‌ಎಸ್-ಡಿಕೋಡ್ ಎಂಬ ಈ ಮುಕ್ತ ತಂತ್ರಾಂಶ ಲೇಸರ್‌ಡಿಸ್ಕ್‌ಗಾಗಿ ಬರೆದ ಎಲ್‌ಡಿ-ಡಿಕೋಡ್‌ನಿಂದ ಕವಲೊಡೆದದ್ದು. ಫಲ ಅದ್ಭುತವಾಗಿರುತ್ತದೆ, ಆದರೆ ಯಂತ್ರದೊಳಗೆ ಬೆಸುಗೆ ಹಾಕಬೇಕು, ತಾಳ್ಮೆ ಬಹಳ ಬೇಕು. ನಿಮ್ಮ ಏಕೈಕ ಒಳ್ಳೆಯ ಯಂತ್ರದ ಮೇಲೆ ಇದನ್ನು ಕಲಿಯಬೇಡಿ. ಯಾವ ದಾರಿ ಹಿಡಿದರೂ ಮೂಲ ಕಡತಕ್ಕೆ ಬಣ್ಣ ಏರಿಸುವುದು, ಕೃತಕ ಬುದ್ಧಿಮತ್ತೆಯಿಂದ ಮುಖ ನುಣುಪಾಗಿಸುವುದು ಬೇಡ. ತೆರೆಯ ಕೆಳಗೆ ಹರಿದುಹೋಗುವ ಅಂಗಡಿ ಜಾಹೀರಾತುಗಳನ್ನೂ ಅಳಿಸಬೇಡಿ, ಅವೂ ಆ ಪಾಠದ ಭಾಗವೇ.

ವಿಸಿಡಿಗಳಲ್ಲಿ ತಟ್ಟೆಯ ಹೆಸರು ಬರೆದ ಮುಖವೇ ಸೂಕ್ಷ್ಮ. ಲೋಹದ ಪದರಕ್ಕೆ ಆ ಕಡೆ ಬರಿಯ ಅರಗಿನಂಥ ತೆಳುಲೇಪನದ ರಕ್ಷಣೆ ಇರುವುದು, ಹಾಗಾಗಿ ಅಲ್ಲಿ ಚೀಟಿ ಅಂಟಿಸಬೇಡಿ, ಅಂಟಿಸಿದ್ದರೆ ಕೀಳಬೇಡಿ. ಇನ್ನೊಂದು ಸಂಗತಿ ಬಹಳ ಜನಕ್ಕೆ ಗೊತ್ತಿಲ್ಲ. 74 ನಿಮಿಷದ ಚಿತ್ರವನ್ನು ಒಂದೇ ತಟ್ಟೆಗೆ ಹಿಡಿಸಲು ವಿಸಿಡಿಯಲ್ಲಿ ಸಾಮಾನ್ಯ ಡೇಟಾ ಸಿಡಿಗಿರುವ ಹೆಚ್ಚುವರಿ ದೋಷ ತಿದ್ದುಪಡಿಯನ್ನು ಕೈಬಿಡಲಾಗಿದೆ. ಅದಕ್ಕೇ ಸಣ್ಣ ಗೀರಿಗೂ ಚಿತ್ರ ಒಡೆಯುತ್ತದೆ, ಮತ್ತು ಕಂಪ್ಯೂಟರಿನಲ್ಲಿ ಚಿತ್ರವಿರುವ ಡ್ಯಾಟ್ ಕಡತವನ್ನು ಎಳೆದು ಹಾಕಿದರೆ ನಕಲು ಅರ್ಧಕ್ಕೇ ನಿಲ್ಲುತ್ತದೆ. ಇಡೀ ತಟ್ಟೆಯ ಬಿನ್-ಕ್ಯೂ ಬಿಂಬವನ್ನು, ಅಂದರೆ ತಟ್ಟೆಯನ್ನು ಇದ್ದಂತೆಯೇ ಹಿಡಿದಿಡುವ ಕಡತಗಳ ಜೋಡಿಯನ್ನು ತೆಗೆಯಿರಿ. ಓದದ ತಟ್ಟೆಯನ್ನು ಬೇರೆ ಬೇರೆ ಕಂಪನಿಯ ಡ್ರೈವ್‌ಗಳಲ್ಲಿ ಪ್ರಯತ್ನಿಸಿ, ಒಂದರಲ್ಲಿ ಆಗದ್ದು ಇನ್ನೊಂದರಲ್ಲಿ ಆಗುವುದುಂಟು.

ಕಾನೂನಿನ ವಿಷಯದಲ್ಲಿ ನಾನು ವಕೀಲನಲ್ಲ, ವೃತ್ತಿಗೆ ಬೇಕಾದಷ್ಟನ್ನು ತಿಳಿದುಕೊಂಡಿದ್ದೇನೆ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಚಲನಚಿತ್ರದ ಹಕ್ಕು ಪ್ರಕಟವಾದ ಮುಂದಿನ ವರ್ಷದ ಆರಂಭದಿಂದ 60 ವರ್ಷ ಇರುತ್ತದೆ. 1964ರಲ್ಲಿ ತೆರೆಕಂಡ ಚಿತ್ರದ ಅವಧಿ 2024ರ ಕೊನೆಗೆ ಮುಗಿದಿದೆ. ಆದರೆ ಅದರ ಹಾಡು, ಸಾಹಿತ್ಯ, ಮೂಲ ಕಾದಂಬರಿಗಳ ಹಕ್ಕು ಬೇರೆಯಾಗಿ ಉಳಿದಿರಬಹುದು. ಸ್ವಂತ ಬಳಕೆಗೆ ಮತ್ತು ಸಂಶೋಧನೆಗೆ ನ್ಯಾಯಯುತ ಉಪಯೋಗದ ಅವಕಾಶವನ್ನು 52ನೇ ಕಲಮು ಕೊಡುತ್ತದೆ. ನಿಮ್ಮದೇ ಕ್ಯಾಸೆಟ್ಟನ್ನು ನಿಮಗಾಗಿ ವರ್ಗಾಯಿಸಿಕೊಳ್ಳುವುದನ್ನು ನಾನು ಆ ನೆಲೆಯಲ್ಲಿ ಕಾಣುತ್ತೇನೆ. ಅವಧಿ ಮುಗಿಯದ ಚಿತ್ರವನ್ನು ಅನುಮತಿಯಿಲ್ಲದೆ ಅಂತರ್ಜಾಲಕ್ಕೆ ಏರಿಸುವುದು, ಪ್ರತಿ ಮಾಡಿ ಹಂಚುವುದು ಅಥವಾ ಮಾರುವುದು ಅಪರಾಧ; ಸದುದ್ದೇಶ ಅದಕ್ಕೆ ರಕ್ಷಣೆಯಾಗದು. 1984ರ ತಿದ್ದುಪಡಿಯ ನಂತರ ಪ್ರತಿ ವಿಡಿಯೊ ಕ್ಯಾಸೆಟ್ಟಿನ ಮೇಲೂ ಅದರೊಳಗೂ ಸೆನ್ಸಾರ್ ಪ್ರಮಾಣಪತ್ರದ ಪ್ರತಿ, ತಯಾರಕರ ಮತ್ತು ಹಕ್ಕುದಾರರ ಹೆಸರು ವಿಳಾಸ, ಅನುಮತಿಯ ಘೋಷಣೆ ಇರಬೇಕೆಂದು ನಿಯಮವಾಯಿತು. ನೀವು ನೋಡಿದ ಪ್ರಮಾಣಪತ್ರ ಅಲ್ಲಿರುವುದು ಇದಕ್ಕಾಗಿಯೇ. ಅವು ಇಲ್ಲದ ಕ್ಯಾಸೆಟ್ ಅಕ್ರಮ ಪ್ರತಿಯಾಗಿರುವ ಸಾಧ್ಯತೆ ಹೆಚ್ಚು, ಅಂಥದ್ದನ್ನು ಗುರುತು ಹಾಕಿ ಬೇರೆ ಇಡಿ. ಯಾವುದಾದರೂ ಚಿತ್ರ ಬೇರೆಲ್ಲೂ ಇಲ್ಲವೆಂದು ನಿಮಗೆ ಅನಿಸಿದರೆ, 1964ರಲ್ಲಿ ಸ್ಥಾಪನೆಯಾದ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೂ ಆ ಚಿತ್ರದ ಹಕ್ಕುದಾರರಿಗೂ ಪತ್ರ ಬರೆಯಿರಿ. ಹೊಸ ಪ್ರತಿ ತಯಾರಿಸುವವರಿಗೆ ಕಳೆದುಹೋದ ಹಾಡಿನ ಜಾಗ ಯಾವುದೆಂದು ತೋರಿಸಲು ಮಸುಕಾದ ಟೇಪೂ ಸಾಕಾಗುತ್ತದೆ.

ಶುಚಿಯಾದ ಕ್ಯಾಸೆಟ್‌ಗಳನ್ನು ಪೂರ್ತಿ ಹಿಂದಕ್ಕೆ ಸುತ್ತಿ, ಪುಸ್ತಕದಂತೆ ನಿಲ್ಲಿಸಿ, ಹೊರಗೋಡೆಗೆ ತಾಗದ ಬೀರುವಿನಲ್ಲಿ, ಸಾಧ್ಯವಾದರೆ ಶೇಕಡ 40ರ ಆಸುಪಾಸಿನ ತೇವಾಂಶದಲ್ಲಿ ಇಡಿ. ಅಟ್ಟಕ್ಕೆ ಮತ್ತೆ ಏರಿಸಬೇಡಿ.

ಕೊನೆಯದಾಗಿ ನೀವು ಕೇಳದ ಒಂದು ವಿಷಯ. ವಿಡಿಯೊ ಲೈಬ್ರರಿ ನಡೆಸಿದವರ ಬಳಿ ಉದ್ದನೆಯ ಲೆಕ್ಕದ ಪುಸ್ತಕವೊಂದು ಇದ್ದೇ ಇರುತ್ತಿತ್ತು: ಕ್ಯಾಸೆಟ್ಟಿನ ಸಂಖ್ಯೆ, ಕೊಂಡ ದಿನ, ಎಲ್ಲಿಂದ ಎಷ್ಟಕ್ಕೆ ಬಂತು, ಯಾರು ಒಯ್ದರು. ಯಾವ ಚಿತ್ರ ಯಾವಾಗ ಕ್ಯಾಸೆಟ್ಟಾಗಿ ಊರು ತಲುಪಿತು ಎಂಬುದಕ್ಕೆ ಹಲವು ಸಲ ಅದಲ್ಲದೆ ಬೇರೆ ದಾಖಲೆಯೇ ಇರುವುದಿಲ್ಲ. ಟೇಪುಗಳ ಜೊತೆಗೆ ಅದನ್ನೂ ಹುಡುಕಿ, ಗಿರಾಕಿಗಳ ಹೆಸರಿರುವ ಕಲಂ ಮುಚ್ಚಿಟ್ಟುಕೊಂಡು, ಮಳೆ ಹಿಡಿಯುವ ಮೊದಲು ಪ್ರತಿ ಪುಟದ ಫೋಟೊ ತೆಗೆದಿಡಿ.